ಡ್ಯೂಟಿ ಮೇಲಿದ್ದವರ ಹೆಸರು

ಹೈದರಾಬಾದಿನಿಂದ ವಾಪಸ್ ಬಂದ ಮೂರನೇ ದಿನ, ಭಾನುವಾರ ಮುಂಜಾನೆ, ಲಾಲಪ್ಪನ ಫೋನಿಗೆ ಹೊಟೆಲಿನವರ ಮೆಸೇಜು ಬಂತು. ಆಗ ಅವನು ನಾರಾಯಣಪುರದ ಡ್ಯಾಮಿನ ಮೇಲೆ, ಗೇಟು ಎತ್ತುವ ಯಂತ್ರಗಳ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು ಹತ್ತು ಗಂಟೆಯ ನೀರಿನ ಮಟ್ಟ ಬರೆಯುತ್ತಿದ್ದ. ಬರೆಯುವಾಗ ಫೋನು ಕೂಗಿದರೆ ಎತ್ತುವ ಪದ್ಧತಿ ಅವನಿಗಿರಲಿಲ್ಲ. ಮಟ್ಟ ಬರೆದ. ಯಾವ ಗೇಟು ಎಷ್ಟು ಅಡಿ ತೆರೆದಿದೆ ಅಂತ ಬರೆದ. ಕೊನೆಗೆ ‘ಡ್ಯೂಟಿ ಮೇಲಿದ್ದವರು’ ಅನ್ನುವ ಕಾಲಮಿನಲ್ಲಿ ತನ್ನ ಹೆಸರು ಬರೆದು ಸಹಿ ಮಾಡಿದ. ಆಮೇಲೆ ಕನ್ನಡಕ ಮೂಗಿನ ಮೇಲೆ ಸರಿಯಾಗಿ ಕೂಡಿಸಿಕೊಂಡು ಫೋನು ನೋಡಿದ. ಇಂಗ್ಲಿಷಿನಲ್ಲಿತ್ತು.

“ನಯೀಮ, ಇದೇನದ ನೋಡಪಾ.”

ನಯೀಮ ಡ್ಯಾಮಿನ ಎಲೆಕ್ಟ್ರಿಷಿಯನ್ನು. ಲಾಲಪ್ಪನಿಗಿಂತ ಹದಿನೆಂಟು ವರ್ಷ ಸಣ್ಣವನು, ಬಾಯಿ ಮಾತ್ರ ದೊಡ್ಡದು. ಕೈಯಲ್ಲಿದ್ದ ಟೆಸ್ಟರು ಜೇಬಿಗೆ ಸಿಗಿಸಿ ಫೋನು ಇಸಿದುಕೊಂಡ.

“ಕಾಕಾ, ನಿಮ್ಮ ಹೊಟೆಲಿನವರು. ನಮ್ಮಲ್ಲಿ ಇದ್ದು ಹೋದ್ರಿ, ಹೆಂಗಿತ್ತು ಬರೀರಿ ಅಂತ ಕೇಳಾಕತ್ತಾರ. ಐದು ಚುಕ್ಕಿ ಇಟ್ಟಾರ, ಎಷ್ಟು ಕೊಡ್ತೀರಿ ಕೊಡ್ರಿ ಅಂತ.”

“ನನ್ನ ಕೇಳ್ಯಾರ?”

“ಡಿಯರ್ ಮಿಸ್ಟರ್ ಲಾಲಪ್ಪ ಅಂತ ಬರದಾರ. ಕಾಕಿ ಹೋದ ಮ್ಯಾಲ ನಿಮಗ ಡಿಯರ್ ಅಂದವರು ಇವರೇ ಮೊದಲು ಇರಬೇಕು ನೋಡ್ರಿ.”

“ಕಾಕಿ ಯಾವಾಗ ಅಂದಿದ್ದಳೋ, ಮಗನ,” ಅಂದ ಲಾಲಪ್ಪ. ನಕ್ಕ. ಆದರೆ ಫೋನು ಕೆಳಗಿಡಲಿಲ್ಲ.

ಮೂವತ್ತೊಂದು ವರ್ಷದ ನೌಕರಿಯಲ್ಲಿ ಸಾಹೇಬರು ಅವನನ್ನು ‘ಎಷ್ಟು?’ ಅಂತ ಕೇಳಿದ್ದರು. ಮಟ್ಟ ಎಷ್ಟು, ಒಳಗೆ ಬರುವುದೆಷ್ಟು, ಬಿಡುವುದೆಷ್ಟು. ‘ಹೆಂಗಿತ್ತು?’ ಅಂತ ಯಾರೂ ಕೇಳಿರಲಿಲ್ಲ. ಕೇಳಿದವರಿಗೆ ಉತ್ತರ ಹೇಳದೆ ಇರುವುದು ಅವನಿಗೆ ಗೊತ್ತಿಲ್ಲ. ಅಲ್ಲದೆ ಅವನ ಮನಸ್ಸಿನಲ್ಲಿ ಇನ್ನೊಂದಿತ್ತು. ಆ ಹೊಟೆಲಿನಲ್ಲಿ ಒಬ್ಬಳಿಗೆ ಒಳ್ಳೆಯದು ಮಾಡುವ ದಾರಿ ತಾನಾಗಿ ಕಾಲ ಬುಡಕ್ಕೆ ಬಂದಂತೆ ಅವನಿಗೆ ಅನ್ನಿಸಿತು.

“ನಾ ಕಾಗದದ ಮ್ಯಾಲ ಬರದು ಕೊಡ್ತೀನಿ. ನೀ ಇದರಾಗ ಹಾಕು,” ಅಂದ.

ಹೊಟೆಲಿಗೆ ಅವನು ಹೋದದ್ದೇ ಒಂದು ಆಕಸ್ಮಿಕ. ಗೇಟು ಎತ್ತುವ ಯಂತ್ರದ ಗೇರ್‌ಬಾಕ್ಸೊಂದು ರಿಪೇರಿಗೆ ಹೈದರಾಬಾದಿನ ಕಾರ್ಖಾನೆಗೆ ಹೋಗಿತ್ತು. ಭಾರ ಹಾಕಿ ತಿರುಗಿಸಿ ನೋಡುವ ದಿನ ಇಂಜಿನಿಯರ್ ಶಾಂತಕುಮಾರ ಸಾಹೇಬರು ಹೋಗಬೇಕಿತ್ತು. ಅವರಿಗೆ ಮೀಟಿಂಗು ಬಂತು. “ಲಾಲಪ್ಪ, ಅದರ ದನಿ ನಿನಗ ಗೊತ್ತದ. ನೀನೇ ಹೋಗಿ ಕಿವಿಗೊಟ್ಟು ಬಾ,” ಅಂದರು. ಸಾಹೇಬರಿಗೆ ಅಂತ ಕಾರ್ಖಾನೆಯವರು ಹಿಡಿದಿಟ್ಟ ರೂಮು ಲಾಲಪ್ಪನ ಪಾಲಿಗೆ ಬಂತು.

ಸೋಮವಾರ ಮಧ್ಯಾಹ್ನ ಅವನು ಇಳಿದಾಗ, ಮಂಗಳವಾರದ ಟೆಸ್ಟು ಗುರುವಾರಕ್ಕೆ ಹೋಗಿದೆ ಅಂತ ತಿಳಿಯಿತು. ಅಲ್ಲಿಯವರೆಗೆ ಹೊಟೆಲಿನಲ್ಲೇ ಇರ್ರಿ ಅಂದರು.

ಹನ್ನೊಂದು ಅಂತಸ್ತಿನ ಹೊಟೆಲು. ಒಂದು ಕಾಲಕ್ಕೆ ಮಂತ್ರಿಗಳು, ಮಿಲ್ಲಿನ ಮಾಲೀಕರು ಇಳಿಯುತ್ತಿದ್ದರಂತೆ. ಈಗ ಊರಿನ ಆ ಕಡೆ ಗಾಜಿನ ಹೊಸ ಹೊಟೆಲುಗಳು ಬಂದು, ದೊಡ್ಡವರು ಅಲ್ಲಿಗೆ ಹೋಗಿ, ಇಲ್ಲಿ ಕಂಪನಿಗಳ ಕೆಲಸದ ಮೇಲೆ ಬರುವವರು ಉಳಿದಿದ್ದರು. ಬಾಗಿಲಲ್ಲಿ ರುಮಾಲು ಸುತ್ತಿದ ಉದ್ದ ಮೀಸೆಯವನು ಸಲಾಮು ಹೊಡೆದ. ಲಾಲಪ್ಪನೂ ನಿಂತು ತಿರುಗಿ ಸಲಾಮು ಹೊಡೆದ; ಆ ಮನುಷ್ಯನಿಗೆ ಅದು ರೂಢಿ ಇರಲಿಲ್ಲವೇನೋ, ಮುಖ ಆಚೆ ಮಾಡಿದ. ಒಳಗೆ ಮದುವೆ ಚಪ್ಪರದಷ್ಟು ದೊಡ್ಡ ಹಾಲು. ಸೋಫಾಗಳ ಮೇಲೆ ಯಾರೂ ಕೂತಿರಲಿಲ್ಲ. ಮೇಲೆ ತೂಗುವ ಗಾಜಿನ ದೀಪದ ಗೊಂಚಲಿನಲ್ಲಿ ಮೂರರಲ್ಲಿ ಒಂದು ಬಲ್ಬು ಉರಿಯುತ್ತಿರಲಿಲ್ಲ. ಕೆಂಪು ಜಮಖಾನ ನಡುವೆ ಮಾತ್ರ ಸವೆದು, ಹೊಲದ ಕಾಲುದಾರಿಯಂತೆ ಬೆಳ್ಳಗಾಗಿತ್ತು. ‘ಬಿಸಿನೆಸ್ ಸೆಂಟರ್’ ಅಂತ ಹಿತ್ತಾಳೆ ಅಕ್ಷರ ಬಡಿದ ಕೋಣೆಗೆ ಕೀಲಿ ಹಾಕಿತ್ತು. ಗಾಜಿನಿಂದ ಇಣುಕಿದರೆ ಬಟ್ಟೆ ಹೊದಿಸಿದ ಒಂದು ಯಂತ್ರ. ಹಿಂದೆ ಈಜುವ ಹೊಂಡ. ಹನಿ ನೀರಿಲ್ಲ, ಒಳಗೆ ಕುರ್ಚಿ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನೀರಿನ ಮನುಷ್ಯ ಲಾಲಪ್ಪನಿಗೆ ಅದನ್ನು ನೋಡಲು ಆಗಲಿಲ್ಲ, ಲಗೂನೆ ಬಂದುಬಿಟ್ಟ.

ನಾಲ್ಕು ಲಿಫ್ಟಿನಲ್ಲಿ ಎರಡು ನಡೆಯುತ್ತಿದ್ದವು. ಏಳನೇ ಅಂತಸ್ತು, ರೂಮು ಏಳುನೂರ ಎಂಟು. ಅವನ ಕ್ವಾರ್ಟರ್ಸಿನ ಪಡಸಾಲೆ, ಅಡುಗೆ ಮನೆ ಎರಡೂ ಕೂಡಿದರೂ ಆ ಒಂದು ಕೋಣೆಯಷ್ಟಾಗಲಿಕ್ಕಿಲ್ಲ. ನಾಲ್ಕು ಮಂದಿ ಮಲಗುವ ಪಲ್ಲಂಗದ ಒಂದು ಅಂಚಿಗೆ, ಬಸ್ಸಿನಲ್ಲಿ ಕೂತವನ ಹಾಗೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತ. ಎದುರಿನ ಕನ್ನಡಿಯಲ್ಲಿ ಇನ್ನೊಬ್ಬ ಹಾಗೆಯೇ ಕೂತಿದ್ದ.

ಆಗ ನಲ್ಲಿಯ ದನಿ ಕೇಳಿತು. ಟಪ್. ಸ್ವಲ್ಪ ಹೊತ್ತಿಗೆ ಟಪ್.

ನೀರು ಸೋರುವ ದನಿ ಕೇಳುತ್ತ ಸುಮ್ಮನೆ ಕೂಡುವುದು ಲಾಲಪ್ಪನ ಕೈಲಾಗದ ಮಾತು. ಗ್ಲಾಸು ಇಟ್ಟು ಗಡಿಯಾರ ನೋಡಿದ. ತುಂಬಲು ಇಪ್ಪತ್ತೆರಡು ನಿಮಿಷ. ಕೆಳಗೆ ಹೋಗಿ ಹೇಳಿದ. ಕರಿ ಕೋಟಿನ ಹುಡುಗಿ ಹಿಂದಿಯಲ್ಲಿ “ಕಳಸ್ತೀವಿ ಸರ್” ಅಂದಳು. “ನಿಮ್ಮ ಹೆಸರೇನಮ್ಮಾ?” ಅಂತ ಲಾಲಪ್ಪ ತನ್ನ ದಖನಿ ಹಿಂದಿಯಲ್ಲಿ ಕೇಳಿದ. ಡ್ಯಾಮಿನ ಮೇಲೆ ದೂರು ಕೊಟ್ಟರೆ ಇಸಿದುಕೊಂಡವರ ಹೆಸರು ಬರೆಯಬೇಕು, ಅದಕ್ಕೆ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ, ಹೇಳಲಿಲ್ಲ. ನಲ್ಲಿಗೂ ಯಾರೂ ಬರಲಿಲ್ಲ. ಸಂಜೆಗೆ ಅವನೇ ತನ್ನ ಹಳೆಯ ಚಪ್ಪಲಿಯ ಅಂಚು ಬ್ಲೇಡಿನಲ್ಲಿ ದುಂಡಗೆ ಕೊಯ್ದು, ನಲ್ಲಿ ಬಿಚ್ಚಿ ವಾಷರು ಕೂಡಿಸಿದ. ಸೋರುವುದು ನಿಂತಿತು. ನಿಂತ ಮೇಲೆ ಕೋಣೆ ಇನ್ನೂ ಬಿಕೋ ಅಂದಿತು. ಮಾತಾಡುತ್ತಿದ್ದ ಒಂದನ್ನೂ ತಾನೇ ಬಾಯಿ ಮುಚ್ಚಿಸಿದ ಹಾಗಾಯಿತು. ಪಲ್ಲಂಗದ ಪಕ್ಕದ ಫೋನು ಎತ್ತಿ ಒಂಬತ್ತು ಒತ್ತಿದ. “ಹೇಳ್ರಿ ಸರ್” ಅಂದರು. ಏನು ಕೇಳಬೇಕೋ ತೋಚದೆ, “ಟೈಮ್ ಎಷ್ಟಾಗ್ಯದ?” ಅಂದ. ಏಳೂ ಐದು ಅಂದರು. ಅವನ ಗಡಿಯಾರದಲ್ಲೂ ಅಷ್ಟೇ ಇತ್ತು.

ಮಂಗಳವಾರ ಮುಂಜಾನೆ ತಿಂಡಿಗೆ ಕೆಳಗೆ ಹೋದ. ಉದ್ದ ಮೇಜಿನ ಮೇಲೆ ಹತ್ತಿಪ್ಪತ್ತು ಬಗೆ ಇಟ್ಟಿದ್ದರು, ಬೇಕಾದ್ದು ಬಡಿಸಿಕೊಂಡು ಕೂಡಬೇಕು. ಒಬ್ಬೊಬ್ಬರೇ ಒಂದೊಂದು ಮೇಜಿಗೆ ಕೂತು, ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಚಮಚ. ಲಾಲಪ್ಪ ತಾಟು ಇಟ್ಟುಕೊಂಡು, ಪಕ್ಕದ ಮೇಜಿನ ಕೋಟಿನವನ ಕಡೆ ನೋಡಿ, “ಬರ್ರಿ, ಊಟ ಮಾಡೋಣು,” ಅಂದ.

ಅವನ ಕಡೆ ಅದು ಮಾತಲ್ಲ, ಉಸಿರಾಟ. ತಾಟಿಗೆ ಕೈ ಹಾಕುವ ಮೊದಲು ಕಣ್ಣಿಗೆ ಬಿದ್ದವರನ್ನು ಕರೆಯಬೇಕು. ಅವರು ‘ನೀವು ಮಾಡ್ರಿ, ನಂದಾಗ್ಯದ’ ಅನ್ನಬೇಕು. ಆಗಿರಲಿ, ಬಿಡಲಿ. ಆಮೇಲೆ ಮೊದಲ ತುತ್ತು. ಕೋಟಿನವನು ಒಂದು ಗಳಿಗೆ ಅವನನ್ನು ನೋಡಿದ. ತನ್ನ ತಾಟು, ಫೋನು ಎತ್ತಿಕೊಂಡು ಕಿಟಕಿಯ ಹತ್ತಿರದ ಮೇಜಿಗೆ ಹೋದ. ಲಾಲಪ್ಪ ಇಡ್ಲಿ ಅರ್ಧಕ್ಕೆ ಬಿಟ್ಟು ಎದ್ದ.

ಮಧ್ಯಾಹ್ನ ಕೆಳಗೆ ಹೋಗಲೇ ಇಲ್ಲ. ಕ್ವಾರ್ಟರ್ಸಿನ ಮುಂದೆ ರೊಟ್ಟಿ ಮಾಡಿ ಮಾರುವ ಖಾಸಿಂಬೀಯಿಂದ ತಂದ ಖಡಕ್ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಚೀಲದಲ್ಲಿದ್ದವು. ಉಸಿರು ಕಟ್ಟುತ್ತದೆ ಅಂತ ಬಾಗಿಲು ತೆರೆದಿಟ್ಟು, ನೆಲದ ಮೇಲೆ ಕೂತು ಗಂಟು ಬಿಚ್ಚಿದ. ಹೊರಗೆ ಚಾದರು, ಸಾಬೂನು ತುಂಬಿದ ಗಾಡಿ ತಳ್ಳುತ್ತ ಬೂದು ಬಣ್ಣದ ಸೀರೆಯ ಹೆಂಗಸೊಬ್ಬಳು ಹೊರಟಿದ್ದಳು. ಬಾಯಿ ತಾನಾಗಿ ಅಂದಿತು:

“ಬಾ ಯವ್ವಾ, ಊಟ ಮಾಡೋಣು.”

“ನೀವು ಮಾಡ್ರಿ, ನಂದಾಗ್ಯದ,” ಅಂತ ಆಕೆಯ ಬಾಯಿಯೂ ತಾನಾಗಿ ಅಂದಿತು. ಎರಡು ಹೆಜ್ಜೆ ಹೋಗಿ ಗಾಡಿ ಗಕ್ಕನೆ ನಿಂತಿತು. ಆಕೆ ತಿರುಗಿ ಬಂದು ಬಾಗಿಲಲ್ಲಿ ಇಣುಕಿದಳು.

“ಯಾವೂರ್ರಿ ನಿಮ್ದು?”

“ನಾರಾಯಣಪುರ. ಡ್ಯಾಮಿನ ಮ್ಯಾಲ ಇರ್ತೀನಿ.”

“ಯಪ್ಪಾ! ನಂದು ಕಕ್ಕೇರಾ ರೀ. ನಿಮ್ಮ ಕಾಲುವಿ ನೀರೇ ಕುಡದು ಬೆಳದೀವಿ ನಾವು.” ಆಮೇಲೆ ಕೋಣೆಯ ಕಡೆ ಕಿವಿಗೊಟ್ಟು, “ಇಲ್ಲಿ ನಲ್ಲಿ ಸೋರ್ತಿತ್ತು. ಎರಡು ವರ್ಷ ಆತು. ಯಾರು ನಿಂದ್ರಿಸಿದ್ರು?” ಅಂದಳು.

ಲಾಲಪ್ಪ ಚಪ್ಪಲಿ ಎತ್ತಿ ತೋರಿಸಿದ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹೆಸರು ಸುಗಲಮ್ಮ. ಗಂಡ ಗೌಂಡಿ ಕೆಲಸಕ್ಕೆ ಅಂತ ಕರೆದುಕೊಂಡು ಬಂದು, ಇದೇ ಊರಲ್ಲಿ ಸತ್ತ. ಮಗಳು ಚಂದ್ರಕಲಾ ಕಕ್ಕೇರಾದಲ್ಲಿ ಸುಗಲಮ್ಮನ ಅಕ್ಕ ಮೌನಮ್ಮನ ಹತ್ತಿರ ಇದ್ದು ಓದುತ್ತಾಳೆ. ಏಳನೇ ಅಂತಸ್ತಿನ ಹದಿನಾರು ರೂಮು ಆಕೆಯವು.

ಬುಧವಾರ ಅದೇ ಹೊತ್ತಿಗೆ ಲಾಲಪ್ಪ ಕರೆದಾಗ ಆಕೆ ಆ ಕಡೆ ಈ ಕಡೆ ನೋಡಿದಳು. ಗಾಡಿ ಬಾಗಿಲಿಗೆ ಅಡ್ಡ ನಿಲ್ಲಿಸಿ, ಒಳಗೆ ಬಂದು ನೆಲಕ್ಕೆ ಕೂತಳು. ರೊಟ್ಟಿ ಮುರಿಯುವ ದನಿ ಆ ದೊಡ್ಡ ಕೋಣೆಯಲ್ಲಿ ಪಟಪಟ ಕೇಳಿತು.

“ಎಂಟು ವರ್ಷ ಆತಣ್ಣ ಇಲ್ಲಿ. ರೊಟ್ಟಿಗಿ ಯಾರೂ ಕರದಿಲ್ಲ.”

“ಉಣ್ಣು. ಹಿಂಡಿ ಹಚ್ಕೊ.”

“ಒಂದು ಕಂಪ್ಲೇಂಟ್ ಇಲ್ಲಣ್ಣ ನನ್ನ ಮ್ಯಾಲ. ನಾವೆಲ್ಲ ಏಜೆನ್ಸಿ ಕಡಿಯವರು. ದಸರಾ ಆದ ಮ್ಯಾಲ ಹನ್ನೆರಡು ಮಂದ್ಯಾಗ ನಾಕು ಮಂದಿನ್ನ ಹೊಟೆಲಿನವರೇ ಪಕ್ಕಾ ತಗೋತಾರಂತ. ಆದ್ರ ಮ್ಯಾಲಿನವರಿಗಿ ನನ್ನ ಹೆಸರೇ ಗೊತ್ತಿಲ್ಲ. ಹೆಸರು ಗೊತ್ತಿಲ್ಲದಾಕಿನ್ನ ಯಾರು ತಗೋತಾರ?”

ಗುರುವಾರ ಯಂತ್ರದ ದನಿ ಕೇಳಿ, ಸರಿ ಇದೆ ಅಂತ ಹೇಳಿ ಲಾಲಪ್ಪ ಹೊರಟ. ಸುಗಲಮ್ಮ ಅಕ್ಕನಿಗಾಗಿ ಮಾಡಿಸಿದ ಕನ್ನಡಕದ ಡಬ್ಬಿ ಅವನ ಕೈಗೆ ಕೊಟ್ಟು, ಫೋನ್ ನಂಬರು ಬರೆಸಿ ಕಳಿಸಿದಳು.

ಹೀಗಾಗಿ ಹೊಟೆಲಿನವರು ‘ಹೆಂಗಿತ್ತು’ ಅಂತ ಕೇಳಿದಾಗ ಲಾಲಪ್ಪನಿಗೆ ಬರೆಯುವುದು ಬಹಳ ಇತ್ತು. ಬರೆಯುವ ರೀತಿ ಮಾತ್ರ ಅವನಿಗೆ ಒಂದೇ ಗೊತ್ತಿತ್ತು. ಎರಡು ದಿನ, ಮಟ್ಟ ನೋಡುವ ನಡುನಡುವೆ, ಗೀಟು ಹಾಕಿದ ಕಾಗದದ ಮೇಲೆ ಕಾಲಮು ಎಳೆದು ಬರೆದ. ಮಂಗಳವಾರ ನಯೀಮ ಓದಿದ:

‘ಸೋಮವಾರ, 3-10. ರೂಂ 708ರ ನಲ್ಲಿ ಸೋರುತ್ತದೆ. ಗ್ಲಾಸು ತುಂಬಲು 22 ನಿಮಿಷ. ಕೆಳಗೆ ತಿಳಿಸಲಾಯಿತು. ಡ್ಯೂಟಿ ಮೇಲಿದ್ದವರು: ಹೆಸರು ಹೇಳಲಿಲ್ಲ.

ಸೋಮವಾರ, 5-40. ಯಾರೂ ಬರಲಿಲ್ಲ. ನಲ್ಲಿ ನಾನೇ ದುರಸ್ತಿ ಮಾಡಿದೆ.

ಮಂಗಳವಾರ, 8-15. ಲಿಫ್ಟು ನಾಲ್ಕು ಮತ್ತು ಐದರ ನಡುವೆ ನಿಂತಿತು. 6 ನಿಮಿಷ. ಡ್ಯೂಟಿ ಮೇಲಿದ್ದವರು: ಯಾರೂ ಇಲ್ಲ.

ಮಂಗಳವಾರ, 8-30. ತಿಂಡಿ ಬಹಳ ಬಗೆ ಇದೆ. ಮಾತಾಡುವವರು ಇಲ್ಲ.

ಬುಧವಾರ, ಮಧ್ಯಾಹ್ನ 1-20ರಿಂದ 1-45. ಕಕ್ಕೇರಾದ ಸುಗಲಮ್ಮ ಇವರು ರೂಂ 708ರಲ್ಲಿ ನನ್ನ ಜೊತೆ ಕೂತು ರೊಟ್ಟಿ ಊಟ ಮಾಡಿದರು. ಮೂರು ದಿನದಲ್ಲಿ ಈ ಹೊಟೆಲಿನಲ್ಲಿ ಒಬ್ಬ ಮನುಷ್ಯರು ಸಿಕ್ಕದ್ದು ಇವರೇ. ಮೇಲಿನವರು ಇವರ ಹೆಸರು ಗಮನಿಸಬೇಕು. ಡ್ಯೂಟಿ ಮೇಲಿದ್ದವರು: ಸುಗಲಮ್ಮ.’

“ಕಾಕಾ, ಇದು ಹೊಟೆಲಿನ ಸುದ್ದಿನೋ, ಡ್ಯಾಮಿನ ಲಾಗ್ ಬುಕ್ಕೋ?”

“ಇದ್ದದ್ದು ಬರದೀನಿ. ಸುಳ್ಳದ?”

“ಸುಳ್ಳಿಲ್ಲ. ಇಡೀ ದುನಿಯಾಕ್ಕ ಕಾಣ್ತದ ಇದು, ಗೊತ್ತದ ಇಲ್ಲ?”

“ಕಾಣ್ಲಿ. ಕಾಣ್ಲಿ ಅಂತೇ ಬರದೀನಿ. ಹೆಸರು ಬರೀದಿದ್ರ ಮಾಡಿದ ಕೆಲಸ ಯಾರ ಪಾಲಿಗೂ ಬರೂದಿಲ್ಲ.”

“ಚುಕ್ಕಿ?”

“ಐದರಾಗ ಮೂರು ಹಾಕು. ಅವೂ ಅಕಿವೇ.”

ಮರುದಿನವೇ ಹೊಟೆಲಿನವರ ಉತ್ತರ ಬಂತು. ನಿಮ್ಮ ಅಮೂಲ್ಯ ಮಾತಿಗೆ ಕೃತಜ್ಞತೆ, ನಮ್ಮ ಸಿಬ್ಬಂದಿಯ ಬಗ್ಗೆ ನೀವು ತಿಳಿಸಿದ್ದನ್ನು ಗಂಭೀರವಾಗಿ ತೆಗೆದುಕೊಂಡಿದ್ದೇವೆ ಅಂತ ನಯೀಮ ಓದಿ ಹೇಳಿದ. ಲಾಲಪ್ಪನಿಗೆ ಖುಷಿಯಾಯಿತು. ಮೂವತ್ತೊಂದು ವರ್ಷದಲ್ಲಿ ಅವನು ಬರೆದದ್ದಕ್ಕೆ ಇಷ್ಟು ಜಲ್ದಿ ಯಾರೂ ಉತ್ತರ ಕೊಟ್ಟಿರಲಿಲ್ಲ.

ಮೇಲಿನಿಂದ ನೀರು ಬರುತ್ತಲೇ ಇತ್ತು, ರಜೆ ಸಿಗಲಿಲ್ಲ. ಮುಂದಿನ ಭಾನುವಾರ ಒಂದು ಹೊತ್ತಿನ ಬಿಡುವು ಕೇಳಿಕೊಂಡು, ಕನ್ನಡಕದ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಕಕ್ಕೇರಾದ ಬಸ್ಸು ಹತ್ತಿದ. ದಾರಿಯುದ್ದ ಕಾಲುವೆ ತುಂಬಿ ಹರಿಯುತ್ತಿತ್ತು, ಗದ್ದೆಗಳಲ್ಲಿ ಸಸಿ ಹಚ್ಚುವ ಹೆಂಗಸರ ಸಾಲು. ತಾನು ಬಿಟ್ಟ ನೀರಿನ ಜೊತೆಗೇ ತಾನೂ ಹೊರಟಂತೆ ಅವನಿಗೆ ಅನ್ನಿಸಿತು. ಸುಗಲಮ್ಮನ ಅಕ್ಕ ಕೂಡು ಅಂತಾಳೆ, ಚಹಾ ಅಂತಾಳೆ, ಊರ ಸುದ್ದಿ ಕೇಳುತ್ತಾಳೆ. ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ.

ಮೌನಮ್ಮ ಕಟ್ಟೆಯ ಮೇಲೆ ಹೊಲಿಗೆ ಮಿಷನ್ನು ಇಟ್ಟುಕೊಂಡು ಕೂತಿದ್ದಳು. ಸೂಜಿಯ ಕಣ್ಣಿಗೆ ದಾರ ಹೋಗದೆ, ನಾಲಿಗೆಗೆ ಹಚ್ಚಿ ಹಚ್ಚಿ ನೋಡುತ್ತಿದ್ದಳು.

“ಯಾರು ಬೇಕ್ರಿ? ಕುಪ್ಪಸ ಹೊಲಿಸಾಕ ಬಂದಂಗ ಕಾಣೂದಿಲ್ಲ ನೀವು.”

“ಹೈದರಾಬಾದದಿಂದ ಸುಗಲಮ್ಮ ಇದನ್ನ ಕೊಟ್ಟಾಳ್ರಿ.”

ಆಕೆ ಡಬ್ಬಿಗೆ ಕೈ ಚಾಚಲಿಲ್ಲ. “ಡ್ಯಾಮಿನ ಲಾಲಪ್ಪ ಅಂದ್ರ ನೀವೇನು?”

“ಹೌದ್ರಿ.”

“ಬರದಾಂವ?”

ಲಾಲಪ್ಪನ ಮುಖದ ಮೇಲಿನ ನಗೆ ಇನ್ನೂ ಇಳಿದಿರಲಿಲ್ಲ. ಮೌನಮ್ಮ ಎದ್ದು ಒಳಗೆ ಹೋಗಿ ತಂಬಿಗೆ ತಂದು ಅವನ ಮುಂದೆ ಕುಕ್ಕಿದಳು.

“ನೀರು ಕುಡೀರಿ ಮೊದಲ. ಬಾಗಲಿಗಿ ಬಂದವರಿಗಿ ನೀರು ಕೊಡದ ಬೈಬಾರದು. ಆಮ್ಯಾಗ ಬೈತೀನಿ.”

ಅವನು ಕುಡಿದ. ಆಕೆ ಬೈದಳು.

“ಬುಧವಾರದಿಂದ ಅಕಿ ಮನ್ಯಾಗ ಕುಂತಾಳ. ಕೆಲಸಕ್ಕ ಬರಬ್ಯಾಡ ಅಂದಾರ. ಗಿರಾಕಿ ರೂಮಿನಾಗ ಕುಂತು ಉಂಡಾಳಂತ ನೀವು ಊರಿಗೆಲ್ಲ ಡಂಗುರ ಹೊಡದ್ರಿ!”

“ನಾ ಛಲೋ ಬರದೀನವ್ವಾ. ಅಕಿ ಹೆಸರು ಮ್ಯಾಲಿನವರಿಗಿ ಗೊತ್ತಾಗ್ಲಿ ಅಂತ—”

“ಗೊತ್ತಾತಲ್ಲ! ಛಂದಾಗಿ ಗೊತ್ತಾತು. ಟೈಮ್ ಸುದ್ದಾ ಬರದ್ರಿ. ಒಂದೂ ಇಪ್ಪತ್ತರಿಂದ ಒಂದೂ ಮುಕ್ಕಾಲು. ಆ ಹೊತ್ತಿನಾಗ ಅಕಿ ಇನ್ನೊಂದು ರೂಮು ಒರಸಬೇಕಿತ್ತಂತ. ಎಂಟು ವರ್ಷ ಯಾರ ಕಣ್ಣಿಗೂ ಬೀಳದಂಗ ಮಾಡ್ಯಾಳ್ರಿ. ಕಣ್ಣಿಗಿ ಬೀಳದಂಗ ಇರೂದೇ ಅಲ್ಲಿ ನೌಕರಿ. ನಿಮಗ ಅಷ್ಟೂ ತಿಳೀಲಿಲ್ಲೇನು, ಕೂದಲು ಬೆಳ್ಳಗಾಗ್ಯಾವ?”

ಲಾಲಪ್ಪ ತಂಬಿಗೆಯ ಕಂಠ ಹಿಡಿದುಕೊಂಡೇ ನಿಂತ. ಡ್ಯಾಮಿನ ಮೇಲೆ ಹೆಸರು ಬರೆದರೆ ಮನುಷ್ಯ ಉಳಿಯುತ್ತಾನೆ. ಏನಾದರೂ ಹೆಚ್ಚುಕಮ್ಮಿಯಾದರೆ, ‘ಇಂಥ ಹೊತ್ತಿಗೆ ಇಂಥವನು ಇಲ್ಲಿದ್ದ, ಕೆಲಸ ಮಾಡಿದ್ದ’ ಅಂತ ಬುಕ್ಕು ಸಾಕ್ಷಿ ಹೇಳುತ್ತದೆ. ಅದೇ ಹೆಸರು, ಅದೇ ಹೊತ್ತು, ಇನ್ನೊಂದು ಕಡೆ ಕೊರಳಿಗೆ ಬರುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಅಲ್ಲೇ ನಿಂತು ಫೋನು ಹಚ್ಚಿದ.

“ಅಣ್ಣ, ಅಕ್ಕ ಬೈದಳೇನು?” ಅಂದಳು ಸುಗಲಮ್ಮ. “ಅಕಿ ಬಾಯಿ ಅಷ್ಟೇ. ಬ್ಯಾಸರ ಮಾಡ್ಕೋಬ್ಯಾಡ್ರಿ.”

“ಏನು ಮಾಡಬೇಕು ಹೇಳು ತಂಗಿ. ನಾ ಬಂದು ಮ್ಯಾನೇಜರನ ಮುಂದ ನಿಂದರ್ತೀನಿ.”

“ನಿಂತು ಏನಾಗ್ತದಣ್ಣ. ಬರದಾಂವ ತಾನೇ ತಗದ್ರ ನೋಡ್ತೀವಿ ಅಂದಾರ. ನಾಳಿ ಮುಂಜಾನಿ ತನಕ ಟೈಮ್ ಕೊಟ್ಟಾರ. ಆಮ್ಯಾಗ ಏಜೆನ್ಸಿ ಬ್ಯಾರೆದಾಕಿನ್ನ ಕಳಸ್ತದ.”

“ಇವತ್ತೇ ತಗೀತೀನಿ.”

“ಹೂಂ.” ಆಮೇಲೆ ಆಕೆ ಮೆಲ್ಲಗೆ, “ಸೂಪರವೈಜರ್ ನನಗ ತೋರ್ಸಿದನಣ್ಣ. ಬೈಯಾಕೇ ತೋರ್ಸಿದ. ನಾ ಓದಿದೆ. ಎರಡು ಸಲ ಓದಿದೆ. ಕಕ್ಕೇರಾದ ಸುಗಲಮ್ಮ ಅಂತ ಊರು ಸುದ್ದಾ ಬರದೀರಿ,” ಅಂದಳು.

ಮೌನಮ್ಮ ಅಷ್ಟರಲ್ಲಿ ಡಬ್ಬಿ ಬಿಚ್ಚಿ ಕನ್ನಡಕ ಹಾಕಿಕೊಂಡಿದ್ದಳು. ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು. ತಲೆ ಎತ್ತದೆ, “ಬಸ್ಸು ಹನ್ನೆರಡೂವರಿಗಿ ಅದ. ಹೋಗ್ರಿ,” ಅಂದಳು.

ಲಾಲಪ್ಪ ಡ್ಯಾಮಿಗೆ ಬಂದಾಗ ಮೂರು ಗಂಟೆ. ಆರು ಗೇಟು ತೆರೆದಿದ್ದವು. ನೀರಿನ ಸಪ್ಪಳಕ್ಕೆ ಕೋಣೆಯ ಕಿಟಕಿ ಸಣ್ಣಗೆ ನಡುಗುತ್ತಿತ್ತು. ನಯೀಮ ಎಲ್ಲ ಕೇಳಿ ತಲೆಗೆ ಕೈ ಹಚ್ಚಿದ.

“ನಂದೂ ತಪ್ಪದ ಕಾಕಾ. ಗಂಭೀರ ಅಂತ ಬರದಾಗೇ ನನಗ ತಿಳೀಬೇಕಿತ್ತು. ಈಗ ಪೂರಾ ಯಾಕ ತಗೀತೀರಿ? ಅಕಿ ಸಾಲು ಅಷ್ಟೇ ತಗದ್ರ ಆತು. ನಲ್ಲಿ, ಲಿಫ್ಟು ಇರ್ಲಿ.”

ಲಾಲಪ್ಪ ಕಾಗದ ತೆಗೆದು, ಆ ಸಾಲಿನ ಮೇಲೆ ಅಂಗೈ ಮುಚ್ಚಿ ಉಳಿದದ್ದು ಓದಿದ. ನಲ್ಲಿ. ಹೆಸರು ಹೇಳಲಿಲ್ಲ. ಯಾರೂ ಬರಲಿಲ್ಲ. ಯಾರೂ ಇಲ್ಲ. ಮಾತಾಡುವವರು ಇಲ್ಲ. ಬಹಳ ಹೊತ್ತು ಓದಿದ.

“ಬ್ಯಾಡ. ಅಷ್ಟೇ ಉಳದ್ರ ಅದು ಸುಳ್ಳಾಗ್ತದ. ಅಲ್ಲಿ ಒಬ್ಬಾಕಿ ಇದ್ದಳು. ಪೂರಾ ತಗಿ.”

“ನೀವು ಬರದದ್ದು ತಗ್ಯೋ ಪೈಕಿ ಅಲ್ಲ.”

ಅದು ನಿಜ. ಲಾಗ್ ಬುಕ್ಕಿನಲ್ಲಿ ಅಳಿಸಬಾರದು, ಮೇಲೆ ತಿದ್ದಬಾರದು. ತಪ್ಪಾದರೆ ಒಂದೇ ಒಂದು ಗೀಟು ಎಳೆಯಬೇಕು, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಸಹಿ, ತಾರೀಖು. ನೌಕರಿಗೆ ಸೇರಿದ ಮೊದಲ ದಿನ ಕಲಿತದ್ದು.

“ಇದರಾಗ ಗೀಟು ಎಳ್ಯಾಕ ಬರೂದಿಲ್ಲೇನು? ಕೆಳಗ ಕಾಣೂಹಂಗ?”

“ಇಲ್ಲ ಕಾಕಾ. ಹೋತಂದ್ರ ಹೋತು. ಇತ್ತು ಅಂತ ಸುದ್ದಾ ಗೊತ್ತಾಗೂದಿಲ್ಲ.”

“ಎಲ್ಲಿ ಒತ್ತಬೇಕು ತೋರ್ಸು.”

ನಯೀಮ ತಾನು ಒತ್ತುತ್ತೇನೆ ಅಂದ, ಲಾಲಪ್ಪ ಕೊಡಲಿಲ್ಲ. ಖರೇನೇ ತೆಗೆಯಲೇ ಅಂತ ಫೋನು ಒಮ್ಮೆ ಕೇಳಿತು, ನಯೀಮ ಓದಿ ಹೇಳಿದ. ಹೌದು ಅಂತ ಒತ್ತಿದ. ಆ ಜಾಗದಲ್ಲಿ ಬೇರೆ ಯಾರೋ ಹೊಟೆಲಿನ ಕಾಫಿ ಚೆನ್ನಾಗಿದೆ ಅಂತ ಬರೆದದ್ದು ಮೇಲೆ ಸರಿದು ಬಂತು.

ಆಮೇಲೆ ಕಾಗದವನ್ನು ಮೇಜಿನ ಮೇಲಿಟ್ಟು, ಸ್ಕೇಲು ಹಿಡಿದು, ಬುಧವಾರದ ಸಾಲಿನ ಮೇಲೆ ತೆಳ್ಳಗೆ ಒಂದು ಗೀಟು ಎಳೆದ. ಸಹಿ ಮಾಡಿದ. ತಾರೀಖು ಹಾಕಿದ. ಮಡಚಿ, ಲಾಗ್ ಬುಕ್ಕಿನ ಹಿಂದಿನ ರಟ್ಟಿನ ಒಳಗೆ ಇಟ್ಟ. ಮೂರೂವರೆಯ ಮಟ್ಟ ನೋಡುವ ಹೊತ್ತಾಗಿತ್ತು, ಎದ್ದು ಹೋದ.

ಸೋಮವಾರ ಫೋನು ಬರಲಿಲ್ಲ. ಮಂಗಳವಾರ ಮುಂಜಾನೆ ಹನ್ನೊಂದರ ಸುಮಾರಿಗೆ ಬಂತು.

“ತಗೊಂಡಾರಣ್ಣ. ಇವತ್ತಿಂದ ಬರಾಕತ್ತೇನಿ.”

“ಛಲೋ ಆತವ್ವಾ. ಏಳನೇ ಅಂತಸ್ತೇ ಏನು?”

“ಇಲ್ಲ, ಕೆಳಗ ಕೊಟ್ಟಾರ. ಚಾದರ ಒಗ್ಯೋ ಕಡಿ. ಮಿಷನ್ ಇರ್ತಾವ, ಮಂದಿ ಬರೂದಿಲ್ಲ.”

“ದಸರಾದ್ದು?”

“ಈ ಸಲ ಇಲ್ಲಂತಣ್ಣ. ಮುಂದ ನೋಡೋಣು.” ಆಕೆಯ ಹಿಂದೆ ಯಾವುದೋ ಯಂತ್ರ ಗುಂಯ್ ಅನ್ನುತ್ತಿತ್ತು. ಲಾಲಪ್ಪ ತನಗರಿವಿಲ್ಲದೆ ಅದರ ದನಿಗೆ ಕಿವಿಗೊಟ್ಟ. ಬೇರಿಂಗು ಹೋಗುವ ದನಿ. ಹೇಳಲಿಲ್ಲ. “ಅಣ್ಣ, ಡ್ಯೂಟಿ ಹೊತ್ತಿನಾಗ ಫೋನು ಹಿಡಿಬಾರದಂದಾರ. ನೀವು ಹಚ್ಚಬ್ಯಾಡ್ರಿ. ಯಾವಾಗರ ನಾನೇ ಹಚ್ತೀನಿ.”

“ಆತು. ಆತವ್ವಾ.”

ಆದರೂ ಇಬ್ಬರೂ ಫೋನು ಇಡಲಿಲ್ಲ. ಮೇಜಿನ ಮೇಲೆ ಖಾಸಿಂಬೀಯ ರೊಟ್ಟಿಯ ಗಂಟು ಇತ್ತು, ಇನ್ನೂ ಬಿಚ್ಚಿರಲಿಲ್ಲ. ನಯೀಮ ಆ ದಿನ ಎರಡನೇ ಪಾಳಿ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಬಾ ಯವ್ವಾ, ಊಟ ಮಾಡೋಣು,” ಅಂದ ಲಾಲಪ್ಪ.

“ನೀವು ಮಾಡ್ರಣ್ಣ,” ಅಂದಳು ಸುಗಲಮ್ಮ. “ನಂದಾಗ್ಯದ.”

ಗಡಿಯಾರದಲ್ಲಿ ಹನ್ನೊಂದೂ ಹತ್ತಾಗಿತ್ತು.